ಐತವಾರ ತಿರುಗಿ ಬಂದ ತಾಟು

ಖಾನಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೌರವ್ವನ ಖಾನಾವಳಿ. ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ಹತ್ತು ಜನರನ್ನು ಬೈದು, ಇಪ್ಪತ್ತು ಜನರನ್ನು ನಗಿಸಿ, ಯಾರ ಹೊಟ್ಟೆಗೆ ಇನ್ನೊಂದು ರೊಟ್ಟಿ ಹಿಡಿಸುತ್ತದೆ ಎಂಬುದನ್ನು ಮುಖ ನೋಡಿಯೇ ಹೇಳುವ ಹೆಂಗಸು ಆಕೆ. ಆದರೆ ಖಾಕಿ ಅಂಗಿಯೊಂದು ಬಾಗಿಲಲ್ಲಿ ಕಂಡರೆ ಸಾಕು, ಅದು ಬರೀ ಬಸ್ ಕಂಡಕ್ಟರನದೇ ಆಗಿರಲಿ, ಆಕೆಯ ಕೈ ಹಿಟ್ಟಿನ ಮೇಲೆ ನಿಂತುಬಿಡುತ್ತದೆ. ಬಂದವನ ಹೆಗಲಲ್ಲಿ ಟಿಕೆಟಿನ ಚೀಲ ಕಂಡ ಮೇಲೆಯೇ ಮತ್ತೆ ಬಡಿತ ಶುರು. ಗಿರಾಕಿಗಳು ಇದನ್ನು ನೋಡಿ ನಗುತ್ತಾರೆ. ಎಂಬತ್ತಾರನೇ ಇಸವಿಯ ಈ ಗಿರಾಕಿಗಳಿಗೆ ಎಪ್ಪತ್ತೊಂಬತ್ತರ ಸೀಗಿಕೊಪ್ಪ ಗೊತ್ತಿಲ್ಲ. ಗೊತ್ತಿದ್ದರೆ ನಗುತ್ತಿರಲಿಲ್ಲ.

ಸೀಗಿಕೊಪ್ಪ ಎಂದರೆ ಖಾನಾಪುರದಿಂದ ಗುಂಜಿಗೆ ಹೋಗುವ ದಾರಿಯ ಮೇಲಿನ ಒಂದು ಸಣ್ಣ ಊರು. ಒಂದು ಕಟ್ಟಿಗೆ ಅಡ್ಡೆ, ರಸ್ತೆಯ ಆಚೆ ಹಂಚಿನ ಪೊಲೀಸ್ ಠಾಣೆ, ಈಚೆ ಗೌರವ್ವನ ತಗಡಿನ ಖಾನಾವಳಿ. ಉಳಿದದ್ದೆಲ್ಲ ಅವುಗಳ ಹಿಂದೆ ಮುದುರಿಕೊಂಡು ಕೂತ ನಲವತ್ತು ಮನೆ. ಗೌರವ್ವ ಹಲಸಿ ಕಡೆಯವಳು. ಹದಿನಾಲ್ಕಕ್ಕೆ ಲಗ್ನವಾಗಿ ಇಲ್ಲಿಗೆ ಬಂದಳು. ಗಂಡ ಸಿದ್ದಪ್ಪ ಅಡ್ಡೆಯಲ್ಲಿ ಲಾರಿಗೆ ದಿಮ್ಮಿ ಏರಿಸುತ್ತಿದ್ದ. ಎಪ್ಪತ್ತೊಂದರ ಮಳೆಗಾಲದಲ್ಲಿ ಒಂದು ದಿಮ್ಮಿ ಜಾರಿತು. ಅದರ ಕೆಳಗೆ ಸಿದ್ದಪ್ಪ ಇದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಗೌರವ್ವ ಮತ್ತು ಅತ್ತೆ ಸಂಗವ್ವ, ಒಲೆಯೆದುರು ಇಬ್ಬರು ವಿಧವೆಯರು.

ಆಗ ಠಾಣೆಯ ಮುಖ್ಯಸ್ಥನಾಗಿದ್ದ ಫೌಜದಾರ ವಯಸ್ಸಾದವನು, ಕರುಳಿದ್ದವನು. ರಸ್ತೆ ಬದಿಯ ಸರಕಾರಿ ಜಾಗದಲ್ಲಿ ನಾಲ್ಕು ಕಂಬ ನೆಟ್ಟುಕೊಳ್ಳಲು ಬಿಟ್ಟ. ಲಾಕಪ್ಪಿನಲ್ಲಿದ್ದವರಿಗೆ ಊಟ ಕೊಡುವ ಕೆಲಸವನ್ನೂ ಆಕೆಗೇ ಒಪ್ಪಿಸಿದ. ಜಾಗಕ್ಕೆ ಕಾಗದವಿರಲಿಲ್ಲ, ಠಾಣೆಯ ದಯೆಯೇ ಕಾಗದ. ಬೆಳಿಗ್ಗೆ ಹತ್ತಕ್ಕೊಮ್ಮೆ, ಹೊತ್ತು ಮುಳುಗುವ ಮುಂಚೆ ಒಮ್ಮೆ ಪೊಲೀಸ್ ಬಸಯ್ಯ ಠಾಣೆಯ ಬಾಗಿಲಿಗೆ ಬಂದು ಕೈ ಎತ್ತುತ್ತಿದ್ದ. ಎರಡು ಬೆರಳೆಂದರೆ ಒಳಗೆ ಇಬ್ಬರು. ಮುಷ್ಟಿ ತೋರಿಸಿದರೆ ಯಾರೂ ಇಲ್ಲ. ಅಷ್ಟು ತಾಟು ರಸ್ತೆ ದಾಟುತ್ತಿದ್ದವು, ಬಸಯ್ಯ ಅವನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದ. ಒಳಗಿದ್ದವನ ಹೆಸರು, ಊರು, ಮಾಡಿದ ತಪ್ಪು ಯಾವುದನ್ನೂ ಗೌರವ್ವ ಕೇಳಿದವಳಲ್ಲ. "ಕಳ್ಳನ ಹೊಟ್ಟಿ ಏನ ಕದ್ದಿರತೈತಿ?" ಎನ್ನುವುದು ಆಕೆಯ ಮಾತು. ಕಳ್ಳನಿಗೂ ಫೌಜದಾರನಿಗೂ ಒಂದೇ ಪಲ್ಯ ಕಳಿಸುತ್ತೇನೆಂಬ ಸಣ್ಣ ಜಂಬವೂ ಇತ್ತು.

ಎಪ್ಪತ್ತೆಂಟರಲ್ಲಿ ಹೊಸ ಫೌಜದಾರ ಬಂದ. ಇವನು ಮೆತ್ತನೆಯ ಮಾತಿನವನು. ಕೂಗಾಡುವವರಿಗೆ ಹೆದರಿ ಅಭ್ಯಾಸವಿದ್ದ ಊರಿಗೆ, ಮೆಲ್ಲಗೆ ಮಾತಾಡುವವನಿಗೆ ಹೆದರುವುದನ್ನು ಕಲಿಯಲು ಒಂದೆರಡು ತಿಂಗಳು ಹಿಡಿಯಿತು. ಕಲಿತ ಮೇಲೆ ಮರೆಯಲಿಲ್ಲ. ಠಾಣೆಯ ಹಿಂದಿನ ಖೋಲಿಯಿಂದ ಕೆಲವೊಮ್ಮೆ ಸಪ್ಪಳ ಬರುತ್ತಿತ್ತು, ಮನುಷ್ಯರದೋ ದನದ್ದೋ ತಿಳಿಯದಂಥ ಸಪ್ಪಳ. ಆಗೆಲ್ಲ ಗೌರವ್ವ ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದಳು. ಗಿರಾಕಿಗಳೂ ಆ ಹೊತ್ತಿಗೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಇಡೀ ಊರು ಹೀಗೆ ತನ್ನ ಕಿವಿಗೆ ತಾನೇ ಹತ್ತಿ ಇಟ್ಟುಕೊಂಡಿತ್ತು ಎಂದರೆ ತಪ್ಪಲ್ಲ.

ಎಪ್ಪತ್ತೊಂಬತ್ತರ ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಗುಂಜಿಯ ಹತ್ತಿರ ರೈಲು ಹಳಿಯ ಬಾಜುವಿನ ತಂತಿ ಕಂಬಗಳಿಂದ ತಾಮ್ರದ ತಂತಿಯನ್ನು ಯಾರೋ ಕತ್ತರಿಸಿಕೊಂಡು ಹೋದರು. ಅಷ್ಟು ತಂತಿ ಹೆಗಲ ಮೇಲೆ ಹೊತ್ತೊಯ್ಯುವ ಮಾತಲ್ಲ, ಅದಕ್ಕೆ ಲಾರಿಯೇ ಬೇಕೆಂದು ಕುರುಡನೂ ಹೇಳಬಲ್ಲ. ಆದರೆ ಲಾರಿಯವರು ಸಿಗಲಿಲ್ಲ, ಕುರಿಯವನು ಸಿಕ್ಕ. ಭರಮಣ್ಣ ಎಂಬ ಕುರುಬ, ಗೋಕಾಕದ ಕಡೆಯವನು. ಪ್ರತಿ ವರ್ಷ ಮೇವಿಗಾಗಿ ಹಿಂಡು ಹೊಡೆದುಕೊಂಡು ಇತ್ತ ಬರುತ್ತಿದ್ದ. ಈ ಸಲ ಹಳಿಯ ಪಕ್ಕದ ಬಯಲಲ್ಲಿ ಹಟ್ಟಿ ಹಾಕಿದ್ದ. ಅಷ್ಟೇ ಅವನ ಅಪರಾಧ. ಶುಕ್ರವಾರ ಅವನನ್ನು ಜೀಪಿನಿಂದ ಇಳಿಸಿದ್ದನ್ನು ಗೌರವ್ವ ಕಂಡಳು. ಹೆಗಲ ಮೇಲೆ ಕರಿ ಕಂಬಳಿ, ಹಣೆ ತುಂಬ ಮೈಲಾರಲಿಂಗನ ಅರಿಸಿನ ಭಂಡಾರ, ಮೂವತ್ತು ಮೂವತ್ತೈದರ ಎತ್ತರದ ಆಳು.

ಅಂದು ಬಸಯ್ಯ ಒಂದು ಬೆರಳು ಎತ್ತಿದ. ತಾಟು ನೆಕ್ಕಿದಂತೆ ಖಾಲಿಯಾಗಿ ಬಂತು. ಇನ್ನೆರಡು ರೊಟ್ಟಿ ಕೇಳಿದನೆಂದು ಬಸಯ್ಯನೇ ಬಂದು ಒಯ್ದ. ಶನಿವಾರ ಎರಡು ಹೊತ್ತೂ ಒಂದೊಂದು ಬೆರಳು. ಬೆಳಗಿನ ತಾಟು ಖಾಲಿ, ಸಂಜೆಯದರಲ್ಲಿ ಅರ್ಧ ಉಳಿದಿತ್ತು. ರವಿವಾರ ಬೆಳಿಗ್ಗೆ ಮತ್ತೆ ಒಂದು ಬೆರಳು. ಆ ತಾಟು ಮಾತ್ರ ಹೋದಂತೆಯೇ ತಿರುಗಿ ಬಂತು. ರೊಟ್ಟಿಯ ಅಂಚು ಸಹ ಮುರಿದಿರಲಿಲ್ಲ.

"ಯಾಕೋ ಬಸಯ್ಯಾ, ಪಲ್ಯ ಕೆಟ್ಟೈತೇನು?"

"ಉಣ್ಣವಲ್ಲ ಗೌರಕ್ಕ," ಎಂದ ಬಸಯ್ಯ. ಮುಖ ಆಚೆ ಮಾಡಿಕೊಂಡು ನಡೆದುಬಿಟ್ಟ.

ಇಲ್ಲಿಯೇ ಗೌರವ್ವ ಎಡವಿದಳು. ಹಣೆಯ ಭಂಡಾರ ಕಂಡಿದ್ದಳಲ್ಲ. ರವಿವಾರ ಮೈಲಾರಲಿಂಗನ ವಾರ. ಅವನ ಒಕ್ಕಲಿನವರು ಕೆಲವರು ಆ ದಿನ ಒಂದೇ ಹೊತ್ತು ಉಣ್ಣುವ ಒಪ್ಪತ್ತು ಹಿಡಿಯುತ್ತಾರೆಂಬುದೂ ಗೊತ್ತಿತ್ತು. ಆಕೆಯ ತಲೆ ಸೀದಾ ಅಲ್ಲಿಗೇ ಓಡಿತು. ದಿನಾ ಬೆಳಿಗ್ಗೆ ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯದವಳಿಗೆ, ಉಣ್ಣದ ಮನುಷ್ಯ ಎಂದರೆ ನೇಮದವನೇ ಆಗಿರಬೇಕು. ಬೇರೆ ಕಾರಣ ಹೊಳೆಯಲೇ ಇಲ್ಲ. ಹೊಳೆಯದ ಹಾಗೆ ಮನಸ್ಸು ನೋಡಿಕೊಂಡಿತ್ತೋ ಏನೋ. ಊಟಕ್ಕೆ ಕೂತಿದ್ದ ಏಳೆಂಟು ಮಂದಿಯ ಮುಂದೆ ಆಕೆ ತಾಟನ್ನು ಎತ್ತಿ ತೋರಿಸಿ ನಗೆಯಾಡಿದಳು.

"ನೋಡ್ರಪ್ಪೋ, ನಮ್ಮ ಲಾಕಪ್ಪಿನಾಗ ಇವತ್ತ ಮೈಲಾರಲಿಂಗನ ಭಕ್ತ ಕುಂತಾನ! ಐತವಾರ ಒಪ್ಪತ್ತಂತ. ಹೊರಗಿದ್ದ ನಿಮಗಿಲ್ಲದ ನೇಮ ಒಳಗಿದ್ದವಗ ಐತಿ!"

ಎಲ್ಲರೂ ನಕ್ಕರು. ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಸಾತಪ್ಪನೂ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತಿನ ಬೆಲೆ ಏನೆಂದು ಆಗ ಯಾರಿಗೆ ಗೊತ್ತಿತ್ತು?

ಒಪ್ಪತ್ತಿನವನಿಗೆ ಫಳಾರ ಕೊಟ್ಟರೆ ಪುಣ್ಯ. ಮಧ್ಯಾಹ್ನ ಗಿರಾಕಿ ಕರಗಿದ ಮೇಲೆ ಗೌರವ್ವ ಅವಲಕ್ಕಿ ತೊಳೆದು, ಹಾಲು ಬೆಲ್ಲ ಕಲಸಿ, ಹಿತ್ತಾಳೆಯ ಬಟ್ಟಲಿಗೆ ಹಾಕಿಕೊಂಡು ತಾನೇ ರಸ್ತೆ ದಾಟಿದಳು. ಬಾಗಿಲಲ್ಲಿ ಬಸಯ್ಯ ಇರಲಿಲ್ಲ. ಎಂಟು ವರ್ಷದಲ್ಲಿ ಆ ಹೊಸ್ತಿಲು ದಾಟದವಳು ಪುಣ್ಯದ ಧೈರ್ಯದಿಂದ ಅಂದು ದಾಟಿದಳು.

ಸರಳಿನ ಹಿಂದೆ ಭರಮಣ್ಣ ಗೋಡೆಗೆ ಒರಗಿದ್ದ. ಮೊದಲು ಕಂಡದ್ದು ಹಣೆ, ಭಂಡಾರ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು. ಆಮೇಲೆ ತೊಡೆಯ ಮೇಲೆ ಬಿದ್ದಿದ್ದ ಕೈಗಳು. ಎರಡೂ ಕೈ ಊದಿಕೊಂಡು, ಬೆರಳು ಯಾವುದು ಅಂಗೈ ಯಾವುದು ತಿಳಿಯುತ್ತಿರಲಿಲ್ಲ. ಬಂದ ದಾರಿಗೆ ಗೌರವ್ವನ ಕಾಲು ತಾನಾಗಿಯೇ ತಿರುಗಿತು.

"ಯವ್ವಾ," ಎಂದ ಅವನು. "ಕೈ ಎತ್ತಾಕ ಬರವಲ್ದವ್ವಾ. ಬಾಯಾಗ ಹಾಕ."

ಆಕೆ ಕೂತಳು. ಅವಲಕ್ಕಿಯನ್ನು ಬೆರಳಲ್ಲಿ ಎತ್ತಿದಳು. ಕೈ ಸರಳಿನೊಳಗೆ ಹೋಗಿತ್ತು, ಅವನು ಕುತ್ತಿಗೆ ಮುಂದೆ ಚಾಚಿ ಬಾಯಿ ತೆರೆದಿದ್ದ. ಆ ಹೊತ್ತಿಗೆ ಹಿಂದಿನ ಖೋಲಿಯಿಂದ ಫೌಜದಾರ ಕೆಮ್ಮಿದ್ದು ಕೇಳಿತು, ಬೂಟಿನ ಸಪ್ಪಳ ಇತ್ತಲೇ ಬರತೊಡಗಿತು. ಗೌರವ್ವ ತುತ್ತನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಸರಳಿನ ಒಳಗೆ ಇಟ್ಟು, ಎದ್ದು ಹೊರಗೆ ಬಂದುಬಿಟ್ಟಳು. ರಸ್ತೆಯ ನಡುವೆ ಬಂದಾಗ ಕೈ ನೋಡಿಕೊಂಡಳು. ಹಾಲು ಇನ್ನೂ ಅಂಟಿತ್ತು. ಅವನು ಮತ್ತೆ ಕರೆದನೋ ಇಲ್ಲವೋ ಆಕೆಗೆ ಇಂದಿಗೂ ಗೊತ್ತಿಲ್ಲ. ಕಿವಿಯಲ್ಲಿ ತನ್ನದೇ ಎದೆಬಡಿತ ತುಂಬಿತ್ತು.

ಅಂದು ಸಂಜೆ ಬಸಯ್ಯ ಕೈ ಎತ್ತಲಿಲ್ಲ. ಮುಷ್ಟಿಯನ್ನೂ ತೋರಿಸಲಿಲ್ಲ. ಠಾಣೆಯ ಬಾಗಿಲು ಮುಚ್ಚಿತ್ತು.

ಸೋಮವಾರ ಬೆಳಿಗ್ಗೆ ಬಟ್ಟಲು ತಿರುಗಿ ಬಂತು. ಬಸಯ್ಯ ಅದನ್ನು ಕಟ್ಟೆಯ ಮೇಲಿಟ್ಟು ಹೋದ. ಗೌರವ್ವ ಕೈಗೆತ್ತಿಕೊಂಡಳು. ಬಟ್ಟಲು ತೊಳೆದಿತ್ತು. ಬೂದಿ ಹಚ್ಚಿ, ತಿಕ್ಕಿ, ಒರೆಸಿ ಇಟ್ಟಂತೆ ಹೊಳೆಯುತ್ತಿತ್ತು. ಎಂಟು ವರ್ಷದಲ್ಲಿ ಠಾಣೆಯಿಂದ ತೊಳೆದ ಪಾತ್ರೆ ಬಂದದ್ದು ಅದೇ ಮೊದಲು.

ಹತ್ತು ಗಂಟೆಗೆ ಸಾತಪ್ಪ ಬಂದ. ಊಟ ಬೇಡವೆಂದ, ನೀರಷ್ಟೇ ಕುಡಿದ. ಸುತ್ತ ಯಾರೂ ಇಲ್ಲವೆಂದು ನೋಡಿ ಬಾಗಿ ಹೇಳಿದ.

"ಹಳಿ ಮ್ಯಾಲ ಹೆಣ ಬಿದ್ದಿತ್ತ ಯಕ್ಕಾ. ಗುಂಜಿ ಈಚಿ ಬಾಜೂ. ರೈಲ ಹಾದೈತಿ. ಆದ್ರ ಕಲ್ಲಿನ ಮ್ಯಾಲ ರಗತ ಇಲ್ಲ. ಇಪ್ಪತ್ತ ವರ್ಷ ಆತು ನಾ ಹಳಿ ಕಾಯಾಕತ್ತಿ, ರಗತ ಇಲ್ಲದ ಹೆಣ ನೋಡಿದ್ದಿಲ್ಲ." ತಂಬಿಗೆ ಕೆಳಗಿಟ್ಟು ಸೇರಿಸಿದ: "ಹಣಿ ಮ್ಯಾಲ ಭಂಡಾರ ಇತ್ತು."

ಗೌರವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು.

ಮಧ್ಯಾಹ್ನ ಫೌಜದಾರ ಊಟಕ್ಕೆ ಬಂದ. ಎಂದೂ ಬಂದವನಲ್ಲ, ಅವನ ಊಟ ಠಾಣೆಗೇ ಹೋಗುತ್ತಿತ್ತು. ಬಂದವನು ಟೊಪ್ಪಿಗೆ ತೆಗೆದು ಪಕ್ಕದಲ್ಲಿಟ್ಟು, ಎರಡು ರೊಟ್ಟಿಯನ್ನು ನಿಧಾನವಾಗಿ ತಿಂದ. ಉಳಿದ ಗಿರಾಕಿಗಳು ಅರ್ಧಕ್ಕೇ ಎದ್ದು ಹೋದರು.

"ಗೌರವ್ವಾ, ಶನಿವಾರ ಸಂಜಿಗೆ ಆ ಕುರುಬನ್ನ ಬಿಟ್ಟಿವಿ," ಎಂದ. "ಪಾಪ, ಹಳಿ ಮ್ಯಾಲ ಮಲಗಿ ಸತ್ತಾನ. ಐತವಾರ ನಮ್ಮಲ್ಲಿ ಯಾರೂ ಇರಲಿಲ್ಲ. ನೀ ಊಟ ಕಳಿಸಿಲ್ಲ. ಹೌದಲ್ಲ?"

ಆಕೆ ಅವನ ಮುಂದಿನ ತಾಟು ಎತ್ತಿಕೊಂಡಳು.

"ನೆನಪ ಮಾಡ್ಕೋ," ಎಂದ ಅವನು ಇನ್ನೂ ಮೆತ್ತಗೆ. ಕಿಸೆಯಿಂದ ಕಾಗದ ತೆಗೆದು ಹಿಟ್ಟಿನ ಡಬ್ಬಿಯ ಮೇಲೆ ಹರಡಿದ. ಗೌರವ್ವನಿಗೆ ಓದಲು ಬರುತ್ತಿರಲಿಲ್ಲ, ಹೆಸರು ಬರೆಯಲಷ್ಟೇ ಬರುತ್ತಿತ್ತು. ಬರೆದಳು. ಹೆಬ್ಬೆಟ್ಟಿನವಳಾಗಿದ್ದರೆ ಚೆನ್ನಾಗಿತ್ತೆಂದು ಜೀವನದಲ್ಲಿ ಮೊದಲ ಸಲ ಅನಿಸಿತು. ಹೋಗುವಾಗ ಅವನು ತಗಡಿನ ಸೂರನ್ನು ಕೈಯಿಂದ ಒಮ್ಮೆ ತಟ್ಟಿ ನೋಡಿ ನಕ್ಕ.

ಭರಮಣ್ಣನ ಹೆಂಡತಿ ರೇಣವ್ವ ಮಣ್ಣು ಮಾಡಿದ ಮಾರನೆಯ ದಿನ ಬಂದು ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಕೂತಳು. ಗೌರವ್ವನ ಒಲೆಯಿಂದ ಇಪ್ಪತ್ತು ಹೆಜ್ಜೆ. ಎರಡು ದಿನ ಗೌರವ್ವ ಆ ಕಡೆ ಮುಖ ಎತ್ತಲಿಲ್ಲ. ಹಸಿದವರನ್ನು ಕಂಡು ಸುಮ್ಮನಿರಲು ಬಾರದ ಹೆಂಗಸು, ಮರದ ಕೆಳಗೆ ಕೂತವಳಿಗೆ ಒಂದು ರೊಟ್ಟಿ ಕಳಿಸಲಿಲ್ಲ. ಫೌಜದಾರ ಕಿಟಕಿಯಿಂದ ನೋಡುತ್ತಿದ್ದ. ಕೊನೆಗೆ ಸಂಗವ್ವನೇ ತಂಬಿಗೆ ನೀರು ಒಯ್ದುಕೊಟ್ಟಳು. ಎಪ್ಪತ್ತು ದಾಟಿದ ಮುದುಕಿಗೆ ಯಾರ ಹೆದರಿಕೆ? ಮುದುಕಿ ತಿರುಗಿ ಬಂದು ಸೊಸೆಯ ಎದುರು ನಿಂತು ಹೇಳಿದಳು.

"ಅಂವ ಯಾವ ಒಪ್ಪತ್ತೂ ಹಿಡೀತಿದ್ದಿಲ್ಲಂತ. ಐತವಾರ ಎರಡೂ ಹೊತ್ತು ಉಣ್ಣಾಂವಂತ."

ಗೌರವ್ವ ಬೆಂಕಿ ಊದುತ್ತಿದ್ದಳು. ಊದುತ್ತಲೇ ಇದ್ದಳು.

ಊರು ಬಾಯಿ ಮುಚ್ಚಿತು, ಕುರುಬರು ಮುಚ್ಚಲಿಲ್ಲ. ಸಾತಪ್ಪ ತಾನು ಕಂಡದ್ದನ್ನು ಭರಮಣ್ಣನ ಅಣ್ಣ ಕರೆಪ್ಪನಿಗೆ ಹೇಳಿದ್ದ. ಕರೆಪ್ಪನಿಗೆ ಅರ್ಜಿ ಬರೆಯಲು ಗೊತ್ತಿರಲಿಲ್ಲ. ಕುರಿ ಹೊಡೆಯಲು ಗೊತ್ತಿತ್ತು. ಸುತ್ತ ಹಟ್ಟಿ ಹಾಕಿದ್ದ ಕುರುಬರೆಲ್ಲ ಸೇರಿ ಹಿಂಡುಗಳನ್ನು ಹೊಡೆದುಕೊಂಡು ಬೆಳಗಾವಿಗೆ ನಡೆದರು. ಒಂದು ಬೆಳಿಗ್ಗೆ ಕಲೆಕ್ಟರ್ ಕಚೇರಿಯ ಕಂಪೌಂಡು ಕುರಿಗಳಿಂದ ತುಂಬಿಹೋಯಿತು. ಕುರಿಗೆ ಸಾಹೇಬ ಯಾರು, ಜವಾನ ಯಾರು ಗೊತ್ತೇ? ಹೂವಿನ ಗಿಡ ಕಂಡಲ್ಲಿ ಬಾಯಿ ಹಾಕಿದವು, ಜೀಪಿನ ನೆರಳಲ್ಲಿ ಮಲಗಿದವು. ಒಂದು ಟಗರಂತೂ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಒಳಗೆ ಇಣುಕಿತು. ಹೊರಗೆ ಬರದೆ ಸಾಹೇಬರಿಗೂ ಬೇರೆ ದಾರಿ ಇರಲಿಲ್ಲ. ಹೊತ್ತು ಮುಳುಗುವ ಮೊದಲು ಪ್ರಾಂತ ಸಾಹೇಬರಿಂದ, ಅಂದರೆ ಅಸಿಸ್ಟೆಂಟ್ ಕಮಿಷನರರಿಂದ, ಚೌಕಶಿ ಎಂದು ವಿಚಾರಣೆಯ ಹುಕುಂ ಆಯಿತು.

ಸಾತಪ್ಪ ಹೋಗಿ ಹೇಳಿಕೆ ಕೊಟ್ಟ. ರಕ್ತವಿಲ್ಲದ ಕಲ್ಲು, ಹಣೆಯ ಭಂಡಾರ, ಅದರ ಜೊತೆಗೆ ರವಿವಾರ ಖಾನಾವಳಿಯಲ್ಲಿ ಕೇಳಿದ ಆ ನಗೆಮಾತು. ಅಂದು ಜೊತೆಗೆ ನಕ್ಕವರನ್ನೂ ಕರೆಸಿದರು. ಒಬ್ಬೊಬ್ಬರೂ ತಮಗೆ ನೆನಪಿಲ್ಲವೆಂದರು. ಹೀಗೆ ಇಡೀ ಚೌಕಶಿ ಬಂದು ಒಂದೇ ಪ್ರಶ್ನೆಯ ಮೇಲೆ ನಿಂತಿತು: ರವಿವಾರ ಭರಮಣ್ಣ ಎಲ್ಲಿದ್ದ? ಅದಕ್ಕೆ ಉತ್ತರ ಗೊತ್ತಿದ್ದು, ಠಾಣೆಯ ಹೊರಗೆ ಇದ್ದ ಜೀವ ಒಂದೇ.

ಫೌಜದಾರ ಮತ್ತೆ ಬಂದ. "ನೀ ಮಂದಿ ಮುಂದ ಏನೋ ಅಂದಿದ್ದೆಂತಲ್ಲ ಗೌರವ್ವ?"

"ಚಾಷ್ಟಿ ಮಾಡಿದ್ನಿರಿ ಸಾಹೇಬ್ರ."

"ಹೌದು, ಚಾಷ್ಟಿ, ನಗಸಾಕ ಅಂದ ಮಾತು. ಅದನ್ನ ಬೆಳಗಾವ್ಯಾಗ ಹೇಳು. ಬ್ಯಾರೆ ಏನೂ ಬ್ಯಾಡ."

ಆ ದಿನಗಳಲ್ಲಿ ಗೌರವ್ವನಿಗೆ ಹಿಡಿದ ಭಯವನ್ನು ಏನೆಂದು ಹೇಳುವುದು? ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಊದಿದ ಕೈ ಕಣ್ಣಿಗೆ ಬರುತ್ತಿತ್ತು. ಹಾಲು ಕಾಯಿಸುವುದನ್ನೇ ಬಿಟ್ಟಳು. ನಿಜ ಹೇಳಿದರೆ ಈ ನಾಲ್ಕು ಕಂಬ ಇರುವುದಿಲ್ಲ, ಅತ್ತೆ ಸೊಸೆ ಇಬ್ಬರೂ ರಸ್ತೆಗೆ ಬೀಳುತ್ತಾರೆ. ಆ ಹಿಂದಿನ ಖೋಲಿಗೆ ಹೆಂಗಸರನ್ನೂ ಒಯ್ಯುತ್ತಾರೆಂದು ಕೇಳಿದ್ದಳು. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದೇ ಆಕೆಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಬಸಯ್ಯ ಮತ್ತೆ ಬಾಗಿಲಿಗೆ ಬಂದು ಬೆರಳು ಎತ್ತುತ್ತಾನೆ, ತಾನು ಮತ್ತೆ ತಾಟು ಕಳಿಸುತ್ತೇನೆ.

ಬೆಳಗಾವಿಗೆ ಆಕೆಯನ್ನು ಪೊಲೀಸ್ ಜೀಪಿನಲ್ಲೇ ಕರೆದೊಯ್ದರು, ತಮ್ಮ ಸಾಕ್ಷಿಯೆಂದು. ಮುಂದೆ ಫೌಜದಾರ, ಹಿಂದೆ ಗೌರವ್ವ, ಎದುರಿಗೆ ಬಸಯ್ಯ. ಬಸಯ್ಯ ಇಡೀ ದಾರಿ ತನ್ನ ಬೂಟು ನೋಡುತ್ತ ಕೂತಿದ್ದ. ಖಾನಾಪುರ ದಾಟಿದ ಮೇಲೆ ಫೌಜದಾರ ತಿರುಗದೆಯೇ ಹೇಳಿದ: "ರಸ್ತೆ ಅಗಲ ಮಾಡತಾರಂತ ಗೌರವ್ವ. ನಿನ್ನ ತಗಡ ಉಳೀಬೇಕಂತ ನಾ ಬರದೀನಿ." ಅದಕ್ಕೆ ಆಕೆ "ಹೂನ್ರಿ" ಎಂದಳು.

ಪ್ರಾಂತ ಸಾಹೇಬರು ಇನ್ನೂ ಸಣ್ಣ ವಯಸ್ಸಿನವರು, ಮೈಸೂರು ಕಡೆಯ ಕನ್ನಡ. ಮೇಜಿನ ಒಂದು ಬದಿಗೆ ರೇಣವ್ವ, ಕರೆಪ್ಪ. ಇನ್ನೊಂದು ಬದಿಗೆ ಬರೆದುಕೊಳ್ಳುವ ಗುಮಾಸ್ತ. ಫೌಜದಾರನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು, ಬಾಗಿಲು ಮಾತ್ರ ತೆರೆದೇ ಇತ್ತು. ಗೌರವ್ವನಿಗೆ ಅವನ ಮೊಣಕಾಲು, ಅದರ ಮೇಲಿಟ್ಟ ಟೊಪ್ಪಿಗೆ ಕಾಣುತ್ತಿತ್ತು.

"ಈ ಸಹಿ ನಿಮ್ಮದೇನಮ್ಮ?"

"ಹೌದ್ರಿ."

"ಭಾನುವಾರ ಲಾಕಪ್ಪಿಗೆ ಊಟ ಕಳಿಸಿಲ್ಲ ಎಂದು ಇದರಲ್ಲಿದೆ. ಸರಿಯೇ?"

"ಹಂಗ ಬರದಾರ್ರಿ."

"ಹೋಟೆಲಿನಲ್ಲಿ ನೀವು ಬೇರೆ ಏನೋ ಹೇಳಿದಿರಂತೆ?"

ಮೊಣಕಾಲು ಅಲುಗಲಿಲ್ಲ. "ಚಾಷ್ಟಿ ಮಾಡಿದ್ನಿರಿ," ಎಂದಳು ಗೌರವ್ವ. ಗುಮಾಸ್ತ ಬರೆದುಕೊಂಡ. ಸಾಹೇಬರು ಪೆನ್ನು ಕೆಳಗಿಟ್ಟರು. ಎಲ್ಲ ಮುಗಿಯಿತೆಂದು ಆಕೆಯ ಉಸಿರು ಕೆಳಗಿಳಿಯಿತು, ಬದುಕಿದೆ ಎಂದುಕೊಂಡಳು, ಹಾಗೆಂದುಕೊಂಡದ್ದಕ್ಕೆ ಮೈಯೆಲ್ಲ ಹೇಸಿತು.

"ನೀವು ಏನಾದರೂ ಕೇಳುವುದಿದೆಯೇ?" ಎಂದು ಸಾಹೇಬರು ರೇಣವ್ವನ ಕಡೆ ತಿರುಗಿದರು.

ರೇಣವ್ವ ಠಾಣೆಯ ಬಗ್ಗೆ ಕೇಳಲಿಲ್ಲ, ಹಳಿಯ ಬಗ್ಗೆ ಕೇಳಲಿಲ್ಲ. ಗೌರವ್ವನ ಮುಖವನ್ನೇ ನೋಡಿದಳು.

"ಯಕ್ಕಾ, ಅಂವ ಉಂಡಿದ್ದನೇನ? ಮೂರನೇ ದಿನಕ್ಕ ಎಡಿ ಇಟ್ಟಿವಿ. ಹೋಳಿಗಿ ಇಟ್ವಿ, ಅನ್ನ ಇಟ್ವಿ, ಕಾಗಿ ಮುಟ್ಟಲಿಲ್ಲ. ಹಸದ ಹೋದ್ನೋ ಉಂಡ ಹೋದ್ನೋ ಅಷ್ಟ ಹೇಳ. ಬ್ಯಾರೆ ಏನೂ ಕೇಳೂದಿಲ್ಲ ನಿನ್ನ."

ಕೇಳಿದ್ದು ಇಷ್ಟೇ. ರವಿವಾರ ಅವನು ಎಲ್ಲಿದ್ದನೆಂದು ಕೇಳಿದ್ದರೆ ಗೌರವ್ವ ಇನ್ನೂ ಹತ್ತು ಸಲ ಸುಳ್ಳು ಹೇಳುತ್ತಿದ್ದಳು, ಅಷ್ಟು ಹೆದರಿದ್ದಳು. ಆದರೆ ಉಂಡನೇ ಎಂದು ಕೇಳಿದವರಿಗೆ ಸುಳ್ಳು ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ.

"ಇಲ್ಲ ತಂಗಿ," ಎಂದಳು. "ಉಂಡಿದ್ದಿಲ್ಲ. ಕೈ ಎರಡೂ ಮುರದಿದ್ರು. ಒಪ್ಪತ್ತಂತ ತಿಳಕೊಂಡ ಅವಲಕ್ಕಿ ಒಯ್ದಿದ್ದೆ. ಬಾಯಾಗ ಹಾಕಂದ. ಬಾಯಿ ತಗದಿದ್ದ. ಫೌಜದಾರ ಸಾಹೇಬ್ರು ಕೆಮ್ಮಿದ್ರು. ನಾ ಬಟ್ಟಲ ಇಟ್ಟ ಓಡಿ ಬಂದೆ. ಉಣಸಲಿಲ್ಲ ನಾ."

ಹೊರಗೆ ಬೆಂಚು ಕಿರುಗುಟ್ಟಿತು. ಸಾಹೇಬರು ಎದ್ದು ಹೋಗಿ ತಾವೇ ಬಾಗಿಲು ಹಾಕಿದರು.

"ಮೊದಲಿಂದ ಹೇಳಿ," ಎಂದರು. "ನಿಧಾನವಾಗಿ. ಮೊದಲು ಸುಳ್ಳಿಗೆ ಸಹಿ ಮಾಡಿದ್ದಕ್ಕೆ ನಿಮಗೂ ತೊಂದರೆಯಾಗಬಹುದು, ಗೊತ್ತಲ್ಲ?"

"ಆಗಲ್ರಿ," ಎಂದಳು. ಬಸಯ್ಯನ ಬೆರಳುಗಳಿಂದ ಶುರುಮಾಡಿ ತೊಳೆದ ಬಟ್ಟಲಿನವರೆಗೆ ಎಲ್ಲ ಹೇಳಿದಳು.

ಇದರಿಂದ ಏನಾಯಿತೆಂದು ಕೇಳುವವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಫೌಜದಾರ ಕೆಲಸದಿಂದ ಅಮಾನತಾದ. ಮೊಕದ್ದಮೆ ಬೆಳಗಾವಿಯ ಕೋರ್ಟಿನಲ್ಲಿ ಐದು ವರ್ಷ ನಡೆಯಿತು. ಗೌರವ್ವ ಆರು ಸಲ ಹೋಗಿ ಕಟಕಟೆಯಲ್ಲಿ ನಿಂತಳು. ಪ್ರತಿ ಸಲವೂ ಹಿಂದಿನ ದಿನದಿಂದ ಅನ್ನ ಇಳಿಯುತ್ತಿರಲಿಲ್ಲ. ಬಸಯ್ಯ ಕೊನೆಗೆ ಸತ್ಯ ನುಡಿದ. ಕೊಲೆಯೆಂದು ಕೋರ್ಟು ಒಪ್ಪಲಿಲ್ಲ, ಕೈ ಮುರಿದದ್ದಕ್ಕೆ ಮತ್ತು ಸುಳ್ಳು ಕಾಗದ ಹುಟ್ಟಿಸಿದ್ದಕ್ಕೆ ಫೌಜದಾರನಿಗೆ ಮೂರು ವರ್ಷ ಹಾಕಿತು. ಅವನು ಅಪೀಲು ಹೋಗಿ ಜಾಮೀನಿನ ಮೇಲೆ ಹೊರಗಿದ್ದಾನೆ, ಅದು ಇನ್ನೂ ನಡೆದೇ ಇದೆ. ಸೀಗಿಕೊಪ್ಪದ ತಗಡಿನ ಖಾನಾವಳಿ ಮಾತ್ರ ರಸ್ತೆಯ ನೆಪದಲ್ಲಿ ಎಂಟೇ ದಿನದಲ್ಲಿ ಹೋಯಿತು, ಒಲೆ ಖಾನಾಪುರಕ್ಕೆ ಬಂತು. ಆ ರಸ್ತೆ ಇಂದಿಗೂ ಅಗಲವಾಗಿಲ್ಲ.

ಇದೆಲ್ಲ ಆಮೇಲಿನ ಮಾತು. ಅಂದು ಕಚೇರಿಯಿಂದ ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು, ಜೀಪು ಹೊರಟುಹೋಗಿತ್ತು. ಹುಕುಂ ಇನ್ನೂ ಬಂದಿರಲಿಲ್ಲ. ಫೌಜದಾರ ಅಂದಿನ ಮಟ್ಟಿಗೆ ಫೌಜದಾರನೇ. ಗೌರವ್ವ ಬಸ್‌ಸ್ಟ್ಯಾಂಡಿಗೆ ನಡೆದು ಗುಂಜಿಯ ಬಸ್ಸು ಹತ್ತಿದಳು. ಕರೆಪ್ಪ ಕುರಿಗಳ ಜೊತೆ ಬೆಳಗಾವಿಯಲ್ಲೇ ಉಳಿದ. ರೇಣವ್ವ ಅದೇ ಬಸ್ಸಿಗೆ ಬಂದು ಮುಂದೆಲ್ಲೋ ಕೂತಳು, ತಿರುಗಿ ನೋಡಲಿಲ್ಲ. ಖಾನಾಪುರದಲ್ಲಿ ಮಂದಿ ಇಳಿದು ಬಸ್ಸು ಬರಿದಾಯಿತು. ಆಗ ಎದ್ದು ಬಂದು ಗೌರವ್ವನ ಮಗ್ಗುಲಲ್ಲಿ ಕೂತಳು.

"ಎರಡ ತುತ್ತ ಹಾಕಿದ್ರ ಏನ ಆಗತಿತ್ತ ಯಕ್ಕಾ?" ಎಂದು ಕೇಳಿದಳು ರೇಣವ್ವ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು.

ಗೌರವ್ವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಅಂಜಿದ್ನೆವ್ವಾ," ಎಂದಳು ಕೊನೆಗೆ.

ಬಸ್ಸು ನಿಂತಿತು. "ಸೀಗಿಕೊಪ್ಪ, ಯಾರ್ರೀ ಸೀಗಿಕೊಪ್ಪ!" ಎಂದು ಕಂಡಕ್ಟರ ಕೂಗಿದ. ಆ ಊರಿನ ಬಸ್ಸು ನಿಲ್ಲುವುದೇ ಠಾಣೆಯ ಎದುರು. ಜೀಪು ಮೊದಲೇ ಬಂದು ಮುಟ್ಟಿತ್ತು. ಫೌಜದಾರ ಮೆಟ್ಟಿಲ ಮೇಲೆ ನಿಂತು, ಯಾವ ಅವಸರವೂ ಇಲ್ಲದೆ, ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದ. ಗೌರವ್ವ ಮುಂದಿನ ಸೀಟಿನ ಸರಳು ಹಿಡಿದು ಕೂತೇ ಇದ್ದಳು. ರೇಣವ್ವ ಗುಂಜಿಯವರೆಗೆ ಟಿಕೆಟು ತೆಗೆಸಿದ್ದಳು, ಇಲ್ಲಿ ಇಳಿಯುವ ಕಾರಣವಿರಲಿಲ್ಲ. ಆದರೂ ಎದ್ದು ಗಂಟು ಹೆಗಲಿಗೇರಿಸಿದಳು.

"ಆ ಅಂಜಿಕಿ ಈಗರ ಹೋತೇನು?" ಎಂದಳು.

"ಇಲ್ಲವ್ವಾ. ಹಂಗ ಐತಿ."

"ನಂದೂ ಹಂಗ ಐತಿ. ನಡಿ, ಇಳಿ."

ಇಬ್ಬರೂ ಇಳಿದರು.